ಹಲ್ಲಿರುವಾಗಲೇ ಕಡಲೆ

ಹಳೆಯ ಸ್ಪೋರ್ಟ್ಸ್ ಕಾರನ್ನು ಮಿತವಾದ ಹಣದಲ್ಲಿ ಕೊಳ್ಳುವ ಕಲೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರು ಕಾರನ್ನು ಕಂಡವರಲ್ಲ. ಕಂಡಿದ್ದರೆ ಆ ಮಾತನ್ನು ಸ್ಪೋರ್ಟ್ಸ್ ಕಾರನ್ನು ಕುರಿತೇ ಆಡಿದರೆಂದು ನಂಬಬಹುದಾಗಿತ್ತು. ಎರಡೇ ಆಸನ, ನೆಲಕ್ಕೆ ಅಂಟಿದಂತಹ ತಗ್ಗು ಮೈ, ಮಡಿಚಿದರೆ ಆಕಾಶಕ್ಕೆ ತೆರೆದುಕೊಳ್ಳುವ ಮೇಲ್ಛಾವಣಿ: ಇಂತಹ ಕಾರಿನಲ್ಲಿ ಕುಳಿತು ಗಾಳಿಯನ್ನು ಸೀಳಿಕೊಂಡು ಹೋಗಬೇಕೆಂಬ ಹಂಬಲ ಇಪ್ಪತ್ತೈದರ ವಯಸ್ಸಿನಲ್ಲಿ ಬರುತ್ತದೆ, ಅದಕ್ಕೆ ಬೇಕಾದ ಹಣ ಐವತ್ತೈದರಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಮೊಣಕಾಲು ಮಡಿಸಿ ಆ ತಗ್ಗಿನ ಆಸನದೊಳಕ್ಕೆ ಇಳಿಯುವುದೇ ಒಂದು ಸಾಹಸವಾಗಿರುತ್ತದೆ.

ಹಲ್ಲಿರುವಾಗಲೇ ನಾಲ್ಕು ಕಾಳು ಕಡಲೆಯನ್ನು ಸಂಪಾದಿಸುವ ದಾರಿಯೊಂದುಂಟು. ಬೇರೊಬ್ಬರು ಕೊಂಡು, ಹತ್ತು ಹದಿನೈದು ವರ್ಷ ಓಡಿಸಿ, ಮಾರಾಟಕ್ಕಿಟ್ಟ ಕಾರನ್ನು ಕೊಳ್ಳುವುದೇ ಆ ದಾರಿ. ದಾರಿಯೇನೋ ಹಳೆಯದು, ಆದರೆ ಅದರ ತುಂಬ ಹಳ್ಳಕೊಳ್ಳಗಳಿವೆ. ಬರಿಯ ಭಾನುವಾರದ ವಿಹಾರಕ್ಕಾದರೆ ಗಾಡಿ ಕೆಟ್ಟು ನಿಂತರೂ ನಗುತ್ತ ಮನೆಗೆ ನಡೆಯಬಹುದು. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕೆಲಸಕ್ಕೆ ಹೋಗಬೇಕಾದವನಿಗೆ ಆ ನಗು ಬಾರದು.

ಇಂಗ್ಲೆಂಡಿನ ಉತ್ತರದ ಪಟ್ಟಣವೊಂದರಲ್ಲಿ ಇಪ್ಪತ್ತಾರು ವಯಸ್ಸಿನ ಶಾಲಾ ಉಪಾಧ್ಯಾಯನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅಂತಹವರು ಅಲ್ಲಿ ಒಬ್ಬಿಬ್ಬರಲ್ಲ. ಅವನ ಶಾಲೆ ಮನೆಯಿಂದ 32 ಕಿಲೋಮೀಟರು. ಮೂರು ವರ್ಷ ಸಂಬಳದಲ್ಲಿ ಮಿಗಿಸಿ ಕೂಡಿಟ್ಟ ಹಣ 4,000 ಪೌಂಡು. ಅದು ಕೈಬಿಟ್ಟುಹೋದರೆ ಮತ್ತೆ ಮೂರು ವರ್ಷ ಬಸ್ಸೇ ಗತಿ. ಒಂದು ಸಂಜೆ, ಸಣ್ಣಗೆ ಮಳೆ ಜಿನುಗುತ್ತಿರುವಾಗ, ಬೀದಿದೀಪದ ಕೆಳಗೆ ಕೆಂಪನೆಯ ಪುಟ್ಟ ಕಾರೊಂದು ಅವನ ಕಣ್ಣಿಗೆ ಬಿದ್ದಿದೆ. ಅದರ ಗಾಜಿಗೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿದೆ. ಕಾರು ಮಾಜ್ದಾ ಎಂ.ಎಕ್ಸ್.-5. ಅವನು ಏನು ಮಾಡಬೇಕು?

ಒಂದು ಪ್ರಶ್ನೆಯಿಂದ ಹುಟ್ಟಿದ ಕಾರು

ಆ ಕಾರಿನ ಜನ್ಮವೃತ್ತಾಂತವನ್ನು ಅರಿತವನಿಗೆ ಅದರ ಗುಣದೋಷಗಳೂ ಅರ್ಧ ತಿಳಿದಂತೆಯೇ.

ಎರಡು ಆಸನದ ಹಗುರ ಕಾರಿನ ತವರುಮನೆ ಇಂಗ್ಲೆಂಡು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿಂದ ಸ್ವದೇಶಕ್ಕೆ ಮರಳಿದ ಅಮೆರಿಕದ ಸೈನಿಕರು ಎಂ.ಜಿ. ಕಾರುಗಳ ರುಚಿಯನ್ನೂ ಜೊತೆಯಲ್ಲಿ ಕೊಂಡೊಯ್ದರು. 1962ರಲ್ಲಿ ಎಂ.ಜಿ.ಬಿ. ಬಂದಿತು, ಅದೇ ವರ್ಷ ಟ್ರಯಂಫ್ ಸ್ಪಿಟ್‌ಫಯರ್, ಲೋಟಸ್ ಎಲಾನ್ ಕೂಡ ಬಂದವು. ಎಂ.ಜಿ.ಬಿ. ಒಂದೇ 5 ಲಕ್ಷಕ್ಕೂ ಮೇಲ್ಪಟ್ಟು ತಯಾರಾಯಿತು. ಸುಖವಿದ್ದಲ್ಲಿ ದುಃಖವೂ ಉಂಟಷ್ಟೆ. ಈ ಕಾರುಗಳು ಎಣ್ಣೆಯನ್ನು ಸೋರಿಸುತ್ತಿದ್ದುವು. ಮಳೆ ಬಂದರೆ ಅವುಗಳ ವಿದ್ಯುತ್ ಸಲಕರಣೆ ಮುನಿಸಿಕೊಳ್ಳುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಸುರಕ್ಷತೆಯ ಮತ್ತು ಹೊಗೆಯ ಕಟ್ಟಳೆಗಳು ಬಿಗಿಯಾದವು. ಹೊಸ ಮಾದರಿಯನ್ನು ರೂಪಿಸುವಷ್ಟು ಬಂಡವಾಳ ಆ ಕಾರ್ಖಾನೆಗಳಲ್ಲಿ ಉಳಿದಿರಲಿಲ್ಲ. 1980ರ ಅಕ್ಟೋಬರಿನಲ್ಲಿ ಆಬಿಂಗ್ಡನ್ನಿನ ಎಂ.ಜಿ. ಕಾರ್ಖಾನೆಯ ಬಾಗಿಲು ಮುಚ್ಚಿತು. ಒಂದು ಜಾತಿಯೇ ಅಳಿಯಿತೆಂದು ರಸಿಕರು ನಿಟ್ಟುಸಿರಿಟ್ಟರು.

ಅದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ಅಮೆರಿಕದ ಮೋಟಾರು ಪತ್ರಕರ್ತ ಬಾಬ್ ಹಾಲ್ ಜಪಾನಿಗೆ ಹೋಗಿದ್ದರು. ಅವರು ಜಪಾನಿ ಭಾಷೆಯನ್ನು ಬಲ್ಲವರು. ಮಾಜ್ದಾ ಸಂಸ್ಥೆಯ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದ ಕೆನಿಚಿ ಯಾಮಾಮೋಟೊ ಮಾತಿನ ನಡುವೆ, ತಮ್ಮ ಸಂಸ್ಥೆ ಮುಂದೆ ಎಂತಹ ಕಾರನ್ನು ಮಾಡಬೇಕು ಎಂದು ಅವರನ್ನು ಕೇಳಿದರು. ಇಂಗ್ಲೆಂಡಿನ ಹಳೆಯ ಹಗುರ ಕಾರುಗಳಂತಹುದೇ ಬೇಕು. ಮುಂದೆ ಎಂಜಿನು, ಹಿಂದಿನ ಚಕ್ರಗಳಿಗೆ ಬಲ, ಕಡಿಮೆ ಬೆಲೆ ಎಂದು ಹಾಲ್ ವಿವರಿಸಿದರು. ಮುಂದೆ ಯಾಮಾಮೋಟೊ ಅವರ ಕೈಗೆ ಟ್ರಯಂಫ್ ಸ್ಪಿಟ್‌ಫಯರ್ ಒಂದನ್ನು ಕೊಟ್ಟು ಹಕೋನೆ ಬೆಟ್ಟದ ತಿರುವು ದಾರಿಗಳಲ್ಲಿ ಓಡಿಸಲು ಹೇಳಲಾಯಿತಂತೆ. ಬೆಟ್ಟವಿಳಿದು ಬಂದವರಿಗೆ ಆ ಮಾತಿನ ಮರ್ಮ ಅರ್ಥವಾಗಿತ್ತು. 1981ರಲ್ಲಿ ಹಾಲ್ ಅವರೇ ಮಾಜ್ದಾ ಸಂಸ್ಥೆಯನ್ನು ಸೇರಿದರು.

1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಆ ಕಾರು ಲೋಕಕ್ಕೆ ಮುಖ ತೋರಿತು. 1.6 ಲೀಟರಿನ ಎಂಜಿನು, ಸುಮಾರು 115 ಅಶ್ವಶಕ್ತಿ, ಒಂದು ಸಾವಿರ ಕಿಲೋಗ್ರಾಮಿಗಿಂತ ಕಡಿಮೆ ತೂಕ. ಅಮೆರಿಕದಲ್ಲಿ ಅದರ ಆರಂಭದ ಬೆಲೆ 13,800 ಡಾಲರು. ಅಂಕಿಗಳನ್ನು ಮಾತ್ರ ನೋಡಿದರೆ ಬೆರಗಾಗಲು ಅಲ್ಲಿ ಏನೂ ಇಲ್ಲ. ಆದರೆ ಆ ಯೋಜನೆಯ ಮುಖ್ಯಸ್ಥ ತೋಷಿಹಿಕೊ ಹಿರಾಯ್ ತಮ್ಮ ತಂಡಕ್ಕೆ ಒಂದು ಮಂತ್ರವನ್ನು ಕೊಟ್ಟಿದ್ದರು: ‘ಜಿನ್ಬಾ ಇತ್ತಾಯ್’. ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಜಪಾನಿನ ಬಿಲ್ಲುಗಾರರ ಸಂಪ್ರದಾಯವನ್ನು ನೆನಪಿಗೆ ತರುವ ಈ ನುಡಿಗೆ ರಾವುತ, ಕುದುರೆ ಇಬ್ಬರೂ ಒಂದೇ ಮೈಯಾಗುವುದು ಎಂದರ್ಥ. ಹಯಶಾಸ್ತ್ರದ ಮೇಲೆ ಗ್ರಂಥಗಳನ್ನೇ ರಚಿಸಿದ ಕನ್ನಡಿಗರಿಗೆ ಈ ಭಾವ ಹೊಸದೇನೂ ಅಲ್ಲ. ಕಾಲು ತಟ್ಟಿದೊಡನೆ ಕಿವಿ ನಿಮಿರಿಸುವ ಕುದುರೆಯಂತೆ ಕೈ ತಿರುಗಿಸಿದೊಡನೆ ತಿರುಗುವ ಕಾರು ಅದು. ವೇಗ ಹೆಚ್ಚಿಲ್ಲದಿದ್ದರೂ ವೇಗದ ಆನಂದ ಅದರಲ್ಲಿ ಹೆಚ್ಚು.

2000ದ ಇಸವಿಯಲ್ಲಿ ಗಿನ್ನೆಸ್ ದಾಖಲೆಯವರು ಇದನ್ನು ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಆಸನದ ಸ್ಪೋರ್ಟ್ಸ್ ಕಾರೆಂದು ಒಪ್ಪಿದರು. 2016ರ ಏಪ್ರಿಲ್ ತಿಂಗಳಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಹಳೆಯದನ್ನು ಕೊಳ್ಳುವವನಿಗೆ ಈ ಸಂಖ್ಯೆಯೇ ದೊಡ್ಡ ಆಸ್ತಿ. ಲಕ್ಷಗಟ್ಟಲೆ ಓಡಿದ ಕಾರಿನ ಬಿಡಿಭಾಗ ಎಲ್ಲೆಡೆಯಲ್ಲಿಯೂ ಸಿಕ್ಕುತ್ತದೆ. ಅದರ ಕಾಯಿಲೆಗಳೆಲ್ಲ ಊರಿನ ಮೆಕ್ಯಾನಿಕ್‌ಗೆ ಬಾಯಿಪಾಠವಾಗಿರುತ್ತವೆ.

ಆನೆಯೂ ಮೇವೂ

ಹಣ ಎಣಿಸುವಾಗ ತರುಣರು ಮಾಡುವ ಮೊದಲನೆಯ ತಪ್ಪೆಂದರೆ, ಕೈಯಲ್ಲಿರುವ ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿಯುವುದು. ಆನೆಯನ್ನು ಕೊಳ್ಳುವುದು ಸುಲಭ, ಮೇವು ಒದಗಿಸುವುದು ಕಷ್ಟ. ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಕಾರು ಕೆಲವೊಮ್ಮೆ ಎಂ.ಎಕ್ಸ್.-5ಕ್ಕಿಂತ ಸ್ವಲ್ಪವೇ ಹೆಚ್ಚಿನ ಬೆಲೆಗೆ ಸಿಕ್ಕುವುದುಂಟು. ಕಾರಿನ ಬೆಲೆ ಇಳಿದಿರುತ್ತದೆ. ಅದರ ಬಿಡಿಭಾಗಗಳ ಬೆಲೆ ಮಾತ್ರ ಅದು ಹೊಸದಾಗಿದ್ದಾಗಿನ ಅಂತಸ್ತಿನಲ್ಲಿಯೇ ಉಳಿದಿರುತ್ತದೆ. ಅದರ ಆರಂಭದ ಮಾದರಿಗಳಲ್ಲಿ ಎಂಜಿನಿನೊಳಗಿನ ಬೇರಿಂಗ್ ಒಂದು ಮುರಿದರೆ ಇಡೀ ಎಂಜಿನೇ ಹಾಳಾಗುವ ಭಯವುಂಟು. ದಿನದ ಓಡಾಟಕ್ಕೆ ಒಂದೇ ಕಾರನ್ನು ನಂಬಿದವನು ಇಂತಹ ಸಾಹಸಕ್ಕೆ ಇಳಿಯಬಾರದು.

ಅನುಭವಸ್ಥರ ಲೆಕ್ಕ ಸರಳವಾದುದು. ಇರುವ ಹಣದಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿರಿಸಬೇಕು. ಟಯರು, ಬ್ಯಾಟರಿ, ಬ್ರೇಕು, ಎಣ್ಣೆ, ಬೆಲ್ಟು ಇವುಗಳಲ್ಲಿ ಯಾವುದಾದರೂ ಮೊದಲನೆಯ ವರ್ಷದಲ್ಲಿ ಕೈ ಚಾಚಿಯೇ ಚಾಚುತ್ತದೆ. ಹಾಗಾಗಿ 4,000 ಪೌಂಡಿನವನು 3,000 ಪೌಂಡಿನ ಕಾರನ್ನೇ ಹುಡುಕಬೇಕು.

ಅದಕ್ಕೂ ಮೊದಲು ವಿಮೆಯ ದರವನ್ನು ವಿಚಾರಿಸಬೇಕು. ಬ್ರಿಟನ್ನಿನಲ್ಲಿ ಮೂರನೆಯವರ ಹಾನಿಗೆ ವಿಮೆ ಮಾಡಿಸುವುದು 1930ರ ಕಾಯಿದೆಯಿಂದಲೇ ಕಡ್ಡಾಯ. ವಯಸ್ಸು ಚಿಕ್ಕದಾದಷ್ಟೂ, ಕಾರು ಚುರುಕಾದಷ್ಟೂ ಕಂತು ಬೆಳೆಯುತ್ತದೆ. ಕಾರನ್ನು ಕೊಂಡು ತಂದ ಮೇಲೆ ವಿಮೆಯ ದರ ಕೇಳಿ ತಲೆಯ ಮೇಲೆ ಕೈಹೊತ್ತವರು ಅನೇಕರು.

ಲಂಡನ್ನಿನವನಿಗೆ ಇನ್ನೊಂದು ಲೆಕ್ಕವುಂಟು. 2019ರಲ್ಲಿ ಆ ನಗರದ ನಡುಭಾಗದಲ್ಲಿ ಜಾರಿಗೆ ಬಂದ ಹೊಗೆ ನಿಯಂತ್ರಣದ ವಲಯ 2023ರ ಆಗಸ್ಟಿನಲ್ಲಿ ನಗರದ ಎಲ್ಲ ಭಾಗಗಳಿಗೂ ಹಬ್ಬಿತು. ಯೂರೋ 4 ಎಂಬ ಮಟ್ಟವನ್ನು ಮುಟ್ಟದ ಪೆಟ್ರೋಲ್ ಕಾರಿಗೆ ಆಗ ವಿಧಿಸಿದ ದರ ದಿನಕ್ಕೆ 12.50 ಪೌಂಡು. ವರ್ಷಕ್ಕೆ 240 ದಿನ ಕೆಲಸಕ್ಕೆ ಹೋಗುವವನು ಗುಣಿಸಿ ನೋಡಬಹುದು: ಸರಿಯಾಗಿ 3,000 ಪೌಂಡು. ಕಾರಿನ ಬೆಲೆಯನ್ನೇ ಪ್ರತಿವರ್ಷ ಮತ್ತೆ ತೆತ್ತಂತೆ! ಸಾಮಾನ್ಯವಾಗಿ 2006ಕ್ಕೆ ಈಚಿನ ಪೆಟ್ರೋಲ್ ಕಾರುಗಳು ಆ ಮಟ್ಟವನ್ನು ಮುಟ್ಟುತ್ತವೆ. ಮೊದಲ ತಲೆಮಾರಿನ ಎಂ.ಎಕ್ಸ್.-5 ಮುಟ್ಟುವುದಿಲ್ಲ.

ಕಾಗದ ಮಾತನಾಡುತ್ತದೆ

ಹಿಂದೆ ನಮ್ಮ ದನದ ಜಾತ್ರೆಗಳಲ್ಲಿ ಎತ್ತು ಕೊಳ್ಳುವವನು ಮೊದಲು ಹಲ್ಲು ನೋಡುತ್ತಿದ್ದ, ಆಮೇಲೆ ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. ಕಡೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ. ಹಳೆಯ ಕಾರಿನ ವ್ಯಾಪಾರದ ಕ್ರಮವೂ ಇದೇ. ಕಾರಿನ ಹಲ್ಲೆಂದರೆ ಅದರ ಕಾಗದಪತ್ರ.

ಬ್ರಿಟನ್ನಿನಲ್ಲಿ 1960ರಿಂದ ಹಳೆಯ ಕಾರುಗಳಿಗೆ ಎಂ.ಒ.ಟಿ. ಎಂಬ ಸರಕಾರಿ ಪರೀಕ್ಷೆಯಿದೆ. ಮೊದಲು ಹತ್ತು ವರ್ಷ ದಾಟಿದ ಗಾಡಿಗೆ ಮಾತ್ರವಿದ್ದ ಈ ಕಟ್ಟಳೆ 1967ರಲ್ಲಿ ಮೂರು ವರ್ಷಕ್ಕಿಳಿಯಿತು. ಪರೀಕ್ಷೆ ಪ್ರತಿವರ್ಷ ನಡೆಯತಕ್ಕದ್ದು. 2005ರಿಂದ ಈಚಿನ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ಕಾರಿನ ನಂಬರನ್ನು ಕೊಟ್ಟು ಸರಕಾರದ ಅಂತರ್ಜಾಲ ತಾಣದಲ್ಲಿ ಬಿಟ್ಟಿಯಾಗಿ ನೋಡಬಹುದು. ಬಡವನ ಪಾಲಿಗೆ ಇದೊಂದು ವರದಾನ. ಪ್ರತಿ ಪರೀಕ್ಷೆಯಲ್ಲಿಯೂ ಕಾರು ಓಡಿದ ಮೈಲಿಗಳು ದಾಖಲಾಗಿರುತ್ತವೆ. ಒಂದು ವರ್ಷ 90,000 ಇದ್ದ ಅಂಕಿ ಮರುವರ್ಷ 60,000ಕ್ಕೆ ಇಳಿದಿದ್ದರೆ ಯಾರೋ ಕೈಚಳಕ ತೋರಿಸಿದ್ದಾರೆಂದು ಬೇರೆ ಹೇಳಬೇಕಾಗಿಲ್ಲ. ‘ತಳಭಾಗದಲ್ಲಿ ತುಕ್ಕು ಕಾಣಿಸಿದೆ’ ಎಂಬ ಎಚ್ಚರಿಕೆಯ ಮಾತು ಮೂರು ವರ್ಷದಿಂದ ಬರುತ್ತಲೇ ಇದ್ದು, ದುರಸ್ತಿಯ ರಸೀದಿ ಒಂದೂ ಇಲ್ಲದಿದ್ದರೆ, ಆ ರೋಗ ಈಗ ಯಾವ ಹಂತ ಮುಟ್ಟಿರಬಹುದೆಂದು ಊಹಿಸಬಹುದು.

ನೋಂದಣಿಯ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಆತನೇ ಒಡೆಯನೆಂದು ತಿಳಿಯಬಾರದು. ಅದು ಒಡೆತನದ ಪತ್ರವಲ್ಲವೆಂದು ಆ ಕಾಗದದ ಮೇಲೆಯೇ ಅಚ್ಚಾಗಿದೆ. ಕಂತಿನ ಸಾಲ ತೀರುವವರೆಗೆ ಕಾರು ಅನೇಕ ವೇಳೆ ಸಾಲ ಕೊಟ್ಟವರದೇ ಆಗಿರುತ್ತದೆ. ಅಪಘಾತದಲ್ಲಿ ನುಜ್ಜಾಗಿ, ವಿಮೆಯವರು ಕೈಬಿಟ್ಟು, ಮತ್ತೆ ದುರಸ್ತಿಯಾಗಿ ಬಂದ ಕಾರುಗಳೂ ಉಂಟು. 2017ರ ಅಕ್ಟೋಬರಿನಿಂದ ಇಂತಹವನ್ನು ‘ಎಸ್’ ಮತ್ತು ‘ಎನ್’ ಎಂಬ ಎರಡು ವರ್ಗಗಳಲ್ಲಿ ಗುರುತಿಸುತ್ತಾರೆ. ‘ಎಸ್’ ಎಂದರೆ ಚೌಕಟ್ಟಿಗೇ ಪೆಟ್ಟು ಬಿದ್ದದ್ದು. ‘ಎನ್’ ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲದ್ದು. ಸಾಲ, ಕಳವು, ಅಪಘಾತ ಈ ಮೂರನ್ನೂ ಅಲ್ಪ ಶುಲ್ಕಕ್ಕೆ ವಿಚಾರಿಸಿ ತಿಳಿಸುವ ಸಂಸ್ಥೆಗಳಿವೆ. ಆ ಶುಲ್ಕವನ್ನು ಉಳಿಸಹೋಗಿ ಕಾರನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಹೊಳಪಿನ ಕೆಳಗೆ

ಬೆಳ್ಳಗಿರುವುದೆಲ್ಲ ಹಾಲಲ್ಲ. ಮಳೆಯಲ್ಲಿ ನೆನೆದ ಕಾರು, ಸಂಜೆಯ ದೀಪದಲ್ಲಿ ನಿಂತ ಕಾರು, ಆಗತಾನೆ ತೊಳೆದ ಕಾರು, ಈ ಮೂರೂ ಸುಂದರವಾಗಿಯೇ ಕಾಣುತ್ತವೆ. ನೀರು ಬಣ್ಣದ ಮೇಲಿನ ಗೀರುಗಳನ್ನು ಮುಚ್ಚುತ್ತದೆ. ಆದುದರಿಂದ ಕಾರನ್ನು ಹಗಲಿನಲ್ಲಿ, ಒಣಗಿದ ಸ್ಥಿತಿಯಲ್ಲಿ, ಸಾಧ್ಯವಾದರೆ ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಬೇಕು. ಜೊತೆಗಾರ ಕಾರನ್ನು ಪ್ರೀತಿಸದವನಾಗಿದ್ದರೆ ಮತ್ತಷ್ಟು ಒಳ್ಳೆಯದು.

ಎಂ.ಎಕ್ಸ್.-5ರ ಪರಮ ಶತ್ರು ತುಕ್ಕು. ಇದರ ಕಾರಣ ಸ್ವಾರಸ್ಯವಾಗಿದೆ. ಬಟ್ಟೆಯ ಮೇಲ್ಛಾವಣಿಯ ಮೇಲೆ ಬಿದ್ದ ಮಳೆನೀರು ಅದರ ಹಿಂಬದಿಯ ಅಂಚಿನಲ್ಲಿ ಸೇರಿ, ಎರಡು ಕೊಳವೆಗಳ ಮೂಲಕ ಕೆಳಗಿಳಿದು ಹೊರಕ್ಕೆ ಹೋಗಬೇಕು. ಎಲೆ, ಧೂಳು ಕಟ್ಟಿಕೊಂಡು ಆ ಕೊಳವೆಯ ಬಾಯಿ ಮುಚ್ಚಿದರೆ ನೀರು ಬಾಗಿಲ ಕೆಳಗಿನ ಟೊಳ್ಳು ತೊಲೆಯೊಳಕ್ಕೆ ನುಗ್ಗಿ ಅಲ್ಲಿಯೇ ತಂಗುತ್ತದೆ. ತೊಲೆ ಒಳಗಿನಿಂದ ಕೊಳೆಯುತ್ತ ಬರುತ್ತದೆ. ಇತ್ತ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ಹೊರಗಿನಿಂದ ತಿನ್ನುತ್ತದೆ. ಮೇಲೆ ಬಣ್ಣ ಮಿರುಗುತ್ತಿರುವಾಗಲೇ ಹಿಂದಿನ ಚಕ್ರದ ಮುಂಭಾಗದ ಆ ಜಾಗ ಹಪ್ಪಳವಾಗಿರಬಹುದು. ಮೇಲ್ಛಾವಣಿಯಿಲ್ಲದ ಕಾರಿನ ಬಲವೆಲ್ಲ ತಳದಲ್ಲಿರುತ್ತದೆ ಎಂಬುದನ್ನು ನೆನೆದರೆ ಈ ತೊಲೆಗಳ ಮಹತ್ವ ತಿಳಿಯುತ್ತದೆ. ನೆಲಕ್ಕೆ ಮಂಡಿಯೂರಿ, ಹೆಬ್ಬೆರಳಿನಿಂದ ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಒಳ್ಳೆಯ ತಗಡು ಗಟ್ಟಿಯಾಗಿ ಸದ್ದು ಮಾಡುತ್ತದೆ. ಕೊಳೆತ ತಗಡು ಕರಕರ ಎನ್ನುತ್ತದೆ. ಮೆತ್ತಿ ಮುಚ್ಚಿದ್ದರೆ ಮಂಕಾಗಿ ದೊಪ್ಪೆನ್ನುತ್ತದೆ. 1998ರಿಂದ 2005ರವರೆಗಿನ ಎರಡನೆಯ ತಲೆಮಾರಿನಲ್ಲಿ ಮುಂಭಾಗದ ಚಾಸಿಯ ತೊಲೆಗಳನ್ನೂ ನೋಡಬೇಕು. ಕಾರನ್ನು ಮೇಲೆತ್ತಿಸದೆ ಅವು ಸರಿಯಾಗಿ ಕಾಣವು. ಬೆಸುಗೆಯ ಕೂಲಿ ಅನೇಕ ವೇಳೆ ಕಾರಿನ ಬೆಲೆಯನ್ನೇ ನುಂಗುತ್ತದೆ.

ಇನ್ನು ಎಂಜಿನು. ಈ ಕಾರಿನ ಎಂಜಿನು ಸಾಧುಪ್ರಾಣಿ. ಎಣ್ಣೆ, ನೀರು ಸರಿಯಾಗಿ ಕೊಟ್ಟವನಿಗೆ ಮೋಸಮಾಡದು. ಆದರೂ ಕಾರನ್ನು ನೋಡಲು ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡತಕ್ಕದ್ದು. ಬಿಸಿಯಾಗಿದ್ದರೆ, ತಣ್ಣಗಿರುವಾಗ ಹೊರಬೀಳುವ ಯಾವುದೋ ಗುಟ್ಟನ್ನು ಮುಚ್ಚಲು ಮಾರುವವನು ಮೊದಲೇ ಚಾಲೂ ಮಾಡಿರಬಹುದು. ತಣ್ಣನೆಯ ಎಂಜಿನನ್ನು ಚಾಲೂ ಮಾಡಿ ಹಿಂದೆ ನಿಂತು ಹೊಗೆಯನ್ನು ನೋಡಬೇಕು. ಚಳಿಯ ಬೆಳಿಗ್ಗೆ ತುಸು ಬಿಳಿಯ ಆವಿ ಸಹಜ. ಎಂಜಿನು ಬಿಸಿಯಾದ ಮೇಲೆಯೂ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದರೆ ರೇಡಿಯೇಟರಿನ ನೀರು ಎಂಜಿನಿನೊಳಗೆ ಸೋರುತ್ತಿದೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಕಪ್ಪಾದರೆ ಪೆಟ್ರೋಲು ಹೆಚ್ಚು ಹರಿಯುತ್ತಿದೆ. ಮೊದಲ ತಲೆಮಾರಿನ ಎಂಜಿನುಗಳಲ್ಲಿ ತಣ್ಣಗಿರುವಾಗ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಸಿದರೆ ಗಾಬರಿಯಾಗಬೇಕಾಗಿಲ್ಲ. ಹಳತಾದ ಎಣ್ಣೆಯನ್ನು ಬದಲಾಯಿಸಿದರೆ ಬಹುಮಟ್ಟಿಗೆ ಅಡಗುತ್ತದೆ.

ಮೊದಲೆರಡು ತಲೆಮಾರುಗಳ ಟೈಮಿಂಗ್ ಬೆಲ್ಟು 60,000 ಮೈಲಿಗೆ, ಎಂದರೆ ಸುಮಾರು 96,000 ಕಿಲೋಮೀಟರಿಗೆ, ಒಮ್ಮೆ ಬದಲಾಗಬೇಕು. ಅದರ ರಸೀದಿಯನ್ನು ಕೇಳಬೇಕು. ‘ಬದಲಾಯಿಸಿದ್ದೇನೆ, ರಸೀದಿ ಮಾತ್ರ ಇಲ್ಲ’ ಎಂಬ ಉತ್ತರಕ್ಕೆ ಬದಲಾಯಿಸಿಲ್ಲ ಎಂದೇ ಅರ್ಥ ಹಚ್ಚಿ ಬೆಲೆ ಕಟ್ಟಬೇಕು. 1989ರಿಂದ 1991ರ ನಡುವರೆಗಿನ ಕಾರುಗಳಲ್ಲಿ ಇನ್ನೊಂದು ದೋಷವುಂಟು. ಕ್ರ್ಯಾಂಕ್ ಶಾಫ್ಟಿನ ಮೂತಿ ಗಿಡ್ಡವಾಗಿದ್ದು, ಅದರ ಮುಂದಿನ ರಾಟೆ ಕಾಲಕ್ರಮದಲ್ಲಿ ಸಡಿಲವಾಗಿ ಒಲೆದಾಡತೊಡಗುತ್ತದೆ. ಗುರುತು ಸುಲಭ: ರಾಟೆಯಲ್ಲಿ ನಾಲ್ಕು ಸೀಳುಗಳಿದ್ದರೆ ಹಳೆಯ ಗಿಡ್ಡ ಮೂತಿ, ಎಂಟಿದ್ದರೆ ತಿದ್ದಿದ ಉದ್ದ ಮೂತಿ. 2005ರಲ್ಲಿ ಬಂದ ಮೂರನೆಯ ತಲೆಮಾರಿನಲ್ಲಿ ಬೆಲ್ಟಿನ ಬದಲು ಸರಪಳಿಯಿದೆ; ಆ ಒಂದು ಖರ್ಚು ತಪ್ಪಿತು.

ಕಡೆಯದು ನಡಿಗೆಯ ಪರೀಕ್ಷೆ. ರೇಡಿಯೋವನ್ನು ಮುಚ್ಚಿ, ಮಾತನ್ನೂ ನಿಲ್ಲಿಸಿ ಓಡಿಸಬೇಕು. ತಣ್ಣಗಿರುವಾಗ ಎರಡನೆಯ ಗೇರು ತುಸು ಗೊಣಗುವುದು ಈ ಕಾರಿನ ಸ್ವಭಾವ. ಬಿಸಿಯಾದ ಮೇಲೂ ಗೊಣಗಿದರೆ ರೋಗ. ಕ್ಲಚ್ಚಿನ ಪೆಡಲು ನೆಲಕ್ಕೆ ಕುಸಿದರೆ ಅದರ ಸಿಲಿಂಡರು ಸೋರುತ್ತಿರಬಹುದು. ಅದು ಸಣ್ಣ ಖರ್ಚು. ಹಿಂದಿನ ಬ್ರೇಕುಗಳು ಕಚ್ಚಿಕೊಳ್ಳುವುದು ಈ ಜಾತಿಗೆ ಅಂಟಿದ ಅಭ್ಯಾಸ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದಿಂದ ಮಾತ್ರ ಬಿಸಿ ಹೊಮ್ಮುತ್ತಿದ್ದರೆ ಗುಟ್ಟು ರಟ್ಟಾಯಿತು. ನಾಲ್ಕು ಟಯರುಗಳೂ ನಾಲ್ಕು ಕಂಪನಿಯವಾಗಿದ್ದರೆ ಆ ಒಡೆಯ ಬೇರೆ ಕಡೆಗಳಲ್ಲಿಯೂ ಹೀಗೆಯೇ ಚೌಕಾಸಿ ಮಾಡಿದ್ದಾನೆಂದು ತಿಳಿಯಬೇಕು.

ಸೋಮವಾರದ ಕಾರು

ಇಷ್ಟೆಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದು ದಿನನಿತ್ಯದ ಬಾಳಿಗೆ ಒಗ್ಗುತ್ತದೆಯೇ?

ಒಗ್ಗುತ್ತದೆ; ಆದರೆ ಬಾಳೂ ತುಸು ಒಗ್ಗಿಕೊಳ್ಳಬೇಕು. ಡಿಕ್ಕಿಯಲ್ಲಿ ಒಂದೆರಡು ಮೆತ್ತನೆಯ ಚೀಲಗಳು ಹಿಡಿಯುತ್ತವೆ, ದೊಡ್ಡ ಪೆಟ್ಟಿಗೆ ಹಿಡಿಯದು. ತಂದೆತಾಯಿ ಇಬ್ಬರೂ ಊರಿನಿಂದ ಬಂದರೆ ಒಬ್ಬರು ನಿಲ್ದಾಣದಲ್ಲಿಯೇ ಕಾಯಬೇಕು. ಬ್ರಿಟನ್ನಿನ ಹೆದ್ದಾರಿಯ ಮಿತಿಯಾದ ಗಂಟೆಗೆ 70 ಮೈಲಿಯ ವೇಗದಲ್ಲಿ ಬಟ್ಟೆಯ ಛಾವಣಿಯ ಕೆಳಗೆ ಗಾಳಿಯ ಭೋರ್ಗರೆತ ಮಾತನ್ನು ನುಂಗುತ್ತದೆ. 2006ರಲ್ಲಿ ಬಂದ, ಮಡಿಚುವ ಗಟ್ಟಿ ಛಾವಣಿಯ ಮಾದರಿಯಲ್ಲಿ ಈ ಕಾಟ ಕಡಿಮೆ. ಪೆಟ್ರೋಲು ಲೀಟರಿಗೆ ಹತ್ತು ಹನ್ನೆರಡು ಕಿಲೋಮೀಟರು ಕೊಟ್ಟರೆ ತೃಪ್ತಿಪಡಬೇಕು. ಮೊದಲ ತಲೆಮಾರಿನ ಕಾರನ್ನು ಬಯಸುವವನು ಇನ್ನೊಂದನ್ನೂ ಯೋಚಿಸಬೇಕು. ಈಗಿನ ಕಾರುಗಳಲ್ಲಿರುವ ಗಾಳಿಚೀಲ, ಚಕ್ರ ಜಾರದಂತೆ ತಡೆಯುವ ಬ್ರೇಕು ಮುಂತಾದ ರಕ್ಷಣೆಗಳು ಅದರಲ್ಲಿ ಅನೇಕ ವೇಳೆ ಇರುವುದಿಲ್ಲ. ಹಿಂದಿನ ಚಕ್ರಕ್ಕೆ ಬಲವಿರುವ ಹಗುರ ಕಾರು ಒದ್ದೆ ರಸ್ತೆಯ ತಿರುವಿನಲ್ಲಿ ಸವೆದ ಟಯರನ್ನು ಕ್ಷಮಿಸುವುದಿಲ್ಲ.

ಇನ್ನೊಂದು ವಿಚಿತ್ರ. ಮೊದಲ ತಲೆಮಾರಿನ ಒಳ್ಳೆಯ ಕಾರುಗಳು ಈಗ ಸಂಗ್ರಹದ ವಸ್ತುಗಳಾಗುತ್ತಿವೆ. 2017ರಲ್ಲಿ ಮಾಜ್ದಾ ಸಂಸ್ಥೆಯೇ ಜಪಾನಿನಲ್ಲಿ ಅವುಗಳ ಜೀರ್ಣೋದ್ಧಾರದ ಕಾರ್ಯಕ್ರಮವನ್ನು ಪ್ರಕಟಿಸಿ, ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಇಂತಹುದನ್ನು ದಿನವೂ ಉಪ್ಪಿನ ರಸ್ತೆಯಲ್ಲಿ ಓಡಿಸುವುದೆಂದರೆ ರೇಷ್ಮೆಯ ಸೀರೆಯುಟ್ಟು ಗದ್ದೆಯ ನಾಟಿಗೆ ಹೋದಂತೆ. ಕೈಬಿಗಿಯಿರುವವನಿಗೆ, ದಿನವೂ ಓಡಬೇಕಾದವನಿಗೆ, ಮೂರನೆಯ ತಲೆಮಾರಿನ ಸಾದಾ ಕಾರೇ ಸರಿಯಾದ ಜೋಡಿ. ಅದನ್ನು ಹಾಡಿ ಹೊಗಳುವವರು ಕಡಿಮೆ. ಆದುದರಿಂದಲೇ ಅದರ ಬೆಲೆಯೂ ಕಡಿಮೆ.

ಬ್ರಿಟನ್ನಿನಲ್ಲಿ ಉದ್ಯೋಗಕ್ಕೆ ನೆಲಸಿದ ಕನ್ನಡಿಗನೂ ಈ ಭಾಗ್ಯವನ್ನು ಅಲ್ಲಿಯೇ ಅನುಭವಿಸತಕ್ಕದ್ದು. ಮೂರು ವರ್ಷ ಮೀರಿದ ಹಳೆಯ ಕಾರನ್ನು ಭಾರತಕ್ಕೆ ತರಲು ಆಮದಿನ ನಿಯಮ ಒಪ್ಪುವುದಿಲ್ಲ. ಒಪ್ಪುವಂತಹ ಕಾರಿನ ಮೇಲೆ ಬೀಳುವ ಸುಂಕ ಆಸೆಯನ್ನು ಅಲ್ಲಿಯೇ ಆರಿಸುತ್ತದೆ.

ಎರಡು ಕಾರು, ಇಬ್ಬರು ಮನುಷ್ಯರು

ಬೀದಿದೀಪದ ಕೆಳಗೆ ಕೆಂಪು ಕಾರನ್ನು ಕಂಡ ಉಪಾಧ್ಯಾಯ ಮರುದಿನ ಹಗಲಿನಲ್ಲಿ ಮತ್ತೆ ಅಲ್ಲಿಗೆ ಹೋಗುತ್ತಾನೆಂದು ಇಟ್ಟುಕೊಳ್ಳಬಹುದು. ಹಿಂದಿನ ರಾತ್ರಿ ಸರಕಾರದ ದಾಖಲೆಯನ್ನು ಓದಿದ್ದಾನೆ. ತುಕ್ಕಿನ ಎಚ್ಚರಿಕೆ ಎರಡು ಬಾರಿ ಬಂದಿದೆ. ಬಾನೆಟ್ಟು ಬೆಚ್ಚಗಿದೆ. ಮಂಡಿಯೂರಿ ತೊಲೆಯನ್ನು ತಟ್ಟಿದಾಗ ದೊಪ್ಪೆಂಬ ಮಂಕು ಸದ್ದು ಬರುತ್ತದೆ. ‘ಇನ್ನೂ ಇಬ್ಬರು ನೋಡಿಕೊಂಡು ಹೋಗಿದ್ದಾರೆ, ಸಂಜೆಯೊಳಗೆ ಹೇಳಿಬಿಡಿ’ ಎನ್ನುತ್ತಾನೆ ಮಾರುವವನು. ಈ ಮಾತನ್ನು ಕೇಳಿ ಕೈ ಜೇಬಿಗೆ ಹೋಗದಂತೆ ತಡೆಯುವುದೇ ಈ ವಿದ್ಯೆಯ ಅತ್ಯಂತ ಕಠಿನವಾದ ಪಾಠ. ಉಪಾಧ್ಯಾಯ ವಂದನೆ ಹೇಳಿ ಹಿಂದಿರುಗುತ್ತಾನೆ. ದಾರಿಯುದ್ದಕ್ಕೂ ಮನಸ್ಸು ಅಲ್ಲಿಯೇ ಇರುತ್ತದೆ. ಕಾಲು ಮಾತ್ರ ಮನೆಯ ಕಡೆ ನಡೆಯುತ್ತದೆ.

ಐದಾರು ವಾರ ಕಳೆದ ಮೇಲೆ ಅವನಿಗೆ ಬೆಳ್ಳಿಯ ಬಣ್ಣದ ಇನ್ನೊಂದು ಕಾರು ಸಿಕ್ಕುತ್ತದೆ. ಮೂರನೆಯ ತಲೆಮಾರಿನದು, ನೋಡಿದೊಡನೆ ಎದೆ ಹಾರುವಂತಹುದಲ್ಲ. ಬಾಗಿಲ ಮೇಲೆ ಒಂದು ನೆಗ್ಗು, ಆಸನದ ಅಂಚು ಸವೆದಿದೆ. ಒಡೆಯ ಎಪ್ಪತ್ತು ದಾಟಿದ ವೃದ್ಧ. ಬೀರುವಿನಿಂದ ದಪ್ಪನೆಯ ಕಡತವೊಂದನ್ನು ತಂದು ಮೇಜಿನ ಮೇಲಿಡುತ್ತಾನೆ. ಪ್ರತಿ ಎಣ್ಣೆ ಬದಲಾವಣೆಯ ರಸೀದಿ, ಪ್ರತಿ ಟಯರಿನ ರಸೀದಿ, ವರ್ಷಕ್ಕೆರಡು ಬಾರಿ ನೀರಿನ ಕೊಳವೆಗಳನ್ನು ಚೊಕ್ಕಟ ಮಾಡಿದ ತಾರೀಖುಗಳು ಅದರಲ್ಲಿವೆ. ಬಾನೆಟ್ಟು ತಣ್ಣಗಿದೆ. ತೊಲೆ ಗಟ್ಟಿಯಾಗಿ ಸದ್ದು ಮಾಡುತ್ತದೆ.

‘ಇಷ್ಟು ಚೆನ್ನಾಗಿ ಇಟ್ಟುಕೊಂಡದ್ದನ್ನು ಮಾರುವುದೇಕೆ?’ ಎಂದು ತರುಣ ಕೇಳುತ್ತಾನೆ.

ವೃದ್ಧ ಉತ್ತರ ಕೊಡದೆ ಬಾಗಿಲನ್ನು ತೆರೆಯುತ್ತಾನೆ. ಒಂದು ಕೈಯಿಂದ ಗಾಜಿನ ಅಂಚನ್ನು ಹಿಡಿದು, ಇನ್ನೊಂದು ಕೈಯನ್ನು ಮೊಣಕಾಲಿನ ಮೇಲೆ ಊರಿ, ಆಸನದೊಳಕ್ಕೆ ಇಳಿಯಲು ನೋಡುತ್ತಾನೆ. ಅರ್ಧ ಇಳಿದು ನಿಲ್ಲುತ್ತಾನೆ. ಆಮೇಲೆ ಮೆಲ್ಲಗೆ ನೆಟ್ಟಗಾಗಿ, ನಕ್ಕು, ಬೀಗದ ಕೈಯನ್ನು ತರುಣನ ಕಡೆಗೆ ಚಾಚುತ್ತಾನೆ. ‘ಬೆಳಗಿನ ಹೊತ್ತು ಎಂಜಿನು ಬಿಸಿಯಾಗುವವರೆಗೆ ಅವಸರಪಡಿಸಬೇಡಿ. ಅದೊಂದನ್ನು ನಡೆಸಿಕೊಡಿ, ಸಾಕು.’

ಬೆಲೆಯ ಮಾತು ಹೆಚ್ಚು ಹೊತ್ತು ನಡೆಯುವುದಿಲ್ಲ. 2,900 ಪೌಂಡಿಗೆ ವ್ಯಾಪಾರ ಕುದುರುತ್ತದೆ. ಮಿಕ್ಕ ಹಣದಲ್ಲಿ ವಿಮೆಯ ಕಂತೂ ಮುಂದಿನ ಎರಡು ಟಯರುಗಳೂ ಬರುತ್ತವೆ. ಸೋಮವಾರ ಬೆಳಿಗ್ಗೆ ಶರತ್ಕಾಲದ ಎಳೆಬಿಸಿಲಿನಲ್ಲಿ ಛಾವಣಿಯನ್ನು ಮಡಿಚಿ, ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿ, ಉಪಾಧ್ಯಾಯ ಶಾಲೆಗೆ ಹೊರಡುತ್ತಾನೆ. ಮೊದಲ ನಾಲ್ಕು ಮೈಲಿ ಎಂಜಿನನ್ನು ಅವಸರಪಡಿಸುವುದಿಲ್ಲ. ಐದನೆಯ ಮೈಲಿಯಲ್ಲಿ ರಸ್ತೆ ಗುಡ್ಡದ ಮಗ್ಗುಲಿಗೆ ಹೊರಳುತ್ತದೆ. ಬಸ್ಸಿನ ಕಿಟಕಿಯಿಂದ ಮೂರು ವರ್ಷ ನೋಡಿದ ಅದೇ ತಿರುವು. ಆದರೆ ಈ ದಿನ ಅದನ್ನು ಅವನು ಮೊದಲ ಬಾರಿಗೆ ಕಾಣುತ್ತಿದ್ದಾನೆ.